ಮನೆಯ ನೀರು ಒಂದು ಬಾಟಲಿ

ಕೋಣಂದೂರಿನಿಂದ ಒಳಗೆ, ಮಣ್ಣಿನ ರಸ್ತೆ ಡಾಂಬರಿಗೆ ಬಂದು ಸೇರುವ ತಿರುವಿನಲ್ಲಿ ಮಂಜುನಾಥಪ್ಪನ ಮನೆ. ಆ ದಿನ ಬೆಳಕು ಹರಿಯುತ್ತಲೇ ಅವನು ಅಂಗಳ ದಾಟಿ ರಸ್ತೆಯ ಮೇಲೆ ಬಂದು ನಿಂತಿದ್ದ. ಡೈರಿಗೆ ಹಾಲು ಹಾಕುವವರು ಕ್ಯಾನು ಹಿಡಿದು ಒಬ್ಬೊಬ್ಬರಾಗಿ ಬರುವ ಹೊತ್ತು. ಮಂಜುನಾಥಪ್ಪ ಅವರಿಗೆ ದೂರದಿಂದಲೇ ಕೈ ಅಡ್ಡ ಆಡಿಸಿ ಹೇಳುತ್ತಿದ್ದ:

"ನಮ್ಮನೆಯೋಳು ಹೊರಟಾಳೆ. ಯಾರೂ ಏನೂ ಕೇಳ್ಬೇಡ್ರಪ್ಪ. ನೋಡಿಲ್ಲ ಅನ್ನೋ ಹಂಗೆ ಹೋಗ್ಬಿಡಿ."

"ನಾವ್ಯಾಕೆ ಕೇಳ್ತೀವಿ ಮಾರಾಯ, ಊರಿಗೆಲ್ಲ ಗೊತ್ತಿದ್ದದ್ದೇ ಅಲ್ಲನಾ" ಎಂದು ಒಬ್ಬ ನಕ್ಕ.

"ಗೊತ್ತಿದ್ರೆ ಬಾಯಿ ಮುಚ್ಕಂಡು ಹೋಗು, ಮತ್ತೆ."

ಊರಿಗೆ ಗೊತ್ತಿತ್ತು ನಿಜ. ಹೊರಟವಳು ಮಂಜುನಾಥಪ್ಪನ ಹೆಂಡತಿ ಗುತ್ಯಮ್ಮ. ಹೋಗಬೇಕಾದದ್ದು ಮಸ್ಕತ್ತಿಗೆ, ಮಗಳು ಶಿಲ್ಪಶ್ರೀಯ ಬಾಣಂತನಕ್ಕೆ. ಅಳಿಯ ಪೂರ್ಣೇಶ ಅಲ್ಲಿ ಎ.ಸಿ. ರಿಪೇರಿಯ ಕೆಲಸದಲ್ಲಿದ್ದ. ಬೆಳಿಗ್ಗೆ ಮನೆ ಬಿಟ್ಟರೆ ಕತ್ತಲಾದ ಮೇಲೆ ಬರುವವನು. ಹಿಂದಿನ ಸಲ ಬಸಿರು ನಿಲ್ಲದೆ ಹೋದಾಗ ಶಿಲ್ಪಶ್ರೀ ಮನೆಯಲ್ಲಿ ಒಬ್ಬಳೇ ಇದ್ದಳು. ಆ ಸುದ್ದಿ ಫೋನಿನಲ್ಲಿ ಬಂದಾಗ ಗುತ್ಯಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಕರೆದು ಮುಗಿಸಿ, ಚೊಂಬು ಒಳಗಿಟ್ಟು, ಗಂಡನ ಎದುರು ನಿಂತು ಹೇಳಿದ್ದು ಒಂದೇ ಮಾತು.

"ಮುಂದಿನ ಸಲ ನಾನಲ್ಲಿರ್ತೀನಿ."

ಈ ಸಲ ಮಗಳು ವಿಮಾನ ಹತ್ತಕೂಡದು ಎಂದು ಅಲ್ಲಿಯ ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. ಸರಿ, ಅಮ್ಮನೇ ಹತ್ತಬೇಕು. ಬಸ್ಸಿನಲ್ಲಿ ಶಿವಮೊಗ್ಗ ದಾಟಿ ಹೋಗದಿದ್ದ ಗುತ್ಯಮ್ಮ ಫೋಟೋ ತೆಗೆಸಿಕೊಂಡಳು, ಬೆರಳಚ್ಚು ಕೊಟ್ಟಳು, ಪಾಸ್‌ಪೋರ್ಟು ಮಾಡಿಸಿದಳು, ಮನೆಗೆ ಬಂದ ಪೊಲೀಸರಿಗೆ ಕಾಫಿ ಕೊಟ್ಟು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಆಗ ಹೇಳಬಹುದಿತ್ತು. ಆಗಿನ್ನೂ ಅವಳು ಹೊಸಿಲು ದಾಟಿರಲಿಲ್ಲ.

ದಾಟಿದ ಮೇಲೆ ಹೇಳಬಾರದು. ಇದು ಅವಳ ಅತ್ತೆ ಹುಲಿಯಮ್ಮ ಹಾಕಿಕೊಂಡಿದ್ದ ಕಟ್ಟು. ಊರಿಗೆ ದಿನಕ್ಕೊಂದು ಬಸ್ಸು, ಅದೂ ಮಳೆಗಾಲದಲ್ಲಿ ಇಲ್ಲ ಎನ್ನುವ ಕಾಲದಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಹೆರಿಗೆ ಮಾಡಿಸುತ್ತಿದ್ದವಳು ಹುಲಿಯಮ್ಮ. ಹೊಸದಾಗಿ ಸೊಸೆಯಾಗಿ ಬಂದಿದ್ದ ಗುತ್ಯಮ್ಮ ಮದ್ದಿನ ಗಂಟು ಹೊತ್ತು ಅವಳ ಹಿಂದೆ ಹೋಗುತ್ತಿದ್ದಳು. ಹೆರುವವಳ ಮನೆಗೆ ಹೊರಟ ಹೆಂಗಸು ಎಲ್ಲಿಗೆ, ಯಾತಕ್ಕೆ ಎಂದು ದಾರಿಯಲ್ಲಿ ಬಾಯಿ ಬಿಡಬಾರದು. ಆ ಮನೆಯ ಹೊಸಿಲು ದಾಟುವ ತನಕ ಮಾತು ಹೊಟ್ಟೆಯಲ್ಲೇ ಇರಬೇಕು. ಯಾರಾದರೂ ಎಲ್ಲಿಗೆ ಎಂದು ಕೇಳಿಬಿಟ್ಟರೆ ಹಿಂದಕ್ಕೆ ಬಂದು, ಮನೆಯಲ್ಲಿ ಒಂದು ಗಳಿಗೆ ಕೂತು, ಮನೆಯ ಬಾವಿಯ ನೀರು ಕುಡಿದು, ಹೊಸದಾಗಿ ಹೊರಡಬೇಕು.

ಒಂದು ಸಲ ಹಾಗೇ ಆಯಿತು. ಹಳ್ಳಕ್ಕೆ ಮರ ಹಾಸಿ ಮಾಡಿದ ಸಂಕ ದಾಟಿಯಾಗಿತ್ತು, ಹೋಗಬೇಕಾದ ಮನೆಯ ಮಾಡಿನ ಹೊಗೆ ಕಾಣುತ್ತಿತ್ತು. ದನ ಕಾಯುವವನೊಬ್ಬ ಮರದ ಬುಡದಿಂದ ಕೂಗಿ ಕೇಳಿದ, "ಅತ್ಲಾಗೆ ಎಲ್ಲಿಗೆ ಹೊರಟ್ರಿ?" ಹುಲಿಯಮ್ಮ ಅಲ್ಲಿಂದಲೇ ತಿರುಗಿದಳು. ಕರೆಯಲು ಬಂದಿದ್ದ ಗಂಡಸು ಕಾಲಿಗೇ ಬಿದ್ದ. "ನೀ ಮುಂದೆ ಹೋಗಿ ಒಲೆ ಹೊತ್ತಿಸಿ ನೀರಿಡು" ಎಂದವಳು ಹಿಂದೆ ಬಂದು, ಕೂತು, ನೀರು ಕುಡಿದು, ಮತ್ತೆ ಹೋದಳು. ಮುಂದಿನ ಸಲದಿಂದ ಒಂದು ಚೊಂಬಿಗೆ ಬಾವಿಯ ನೀರು ತುಂಬಿ ಬಾಯಿಗೆ ಬಾಳೆಲೆ ಕಟ್ಟಿ ಜೊತೆಗೇ ತರತೊಡಗಿದಳು. ಯಾರಾದರೂ ಕೇಳಿದರೆ ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಒಂದು ಗುಟುಕು. "ಮನೆ ನೀರು ಕುಡದ್ರೆ ಮನೆಗೆ ಹೋಗಿ ಬಂದಂಗೇ ಆತು" ಎನ್ನುವುದು ಅವಳ ಲೆಕ್ಕ.

ಇದು ನಿಜವೋ ಸುಳ್ಳೋ ಎಂದು ಗುತ್ಯಮ್ಮ ಯಾವತ್ತೂ ತೂಗಿ ನೋಡಿದವಳಲ್ಲ. ಅತ್ತೆಯ ಕೈಗೆ ಬಿದ್ದ ಕೂಸುಗಳು ಈಗ ಮೀಸೆ ಹೊತ್ತು ಊರ ತುಂಬ ಓಡಾಡಿಕೊಂಡಿದ್ದವು. ಅವಳಿಗೆ ಅಷ್ಟು ಸಾಕಿತ್ತು. ಬೆಳಿಗ್ಗೆ ಬಾವಿಯಿಂದ ಒಂದು ಕೊಡ ಸೇದಿ, ಮಗಳು ಶಾಲೆಗೆ ಒಯ್ಯುತ್ತಿದ್ದ ಸ್ಟೀಲಿನ ಬಾಟಲಿಗೆ ತುಂಬಿ, ಮುಚ್ಚಳ ಗಟ್ಟಿ ತಿರುಗಿಸಿದಳು. ಬಲಗಾಲಿಟ್ಟು ಹೊಸಿಲು ದಾಟಿದಳು. ಅಲ್ಲಿಂದ ಮುಂದೆ ಬಾಯಿ ಮುಚ್ಚಿತು.

ಕಾರು ಕೃಷ್ಣಕುಮಾರನದು. ಅವನು ಗುತ್ಯಮ್ಮನ ಅಕ್ಕನ ಮಗ, ಕೋಣಂದೂರು ಸ್ಟ್ಯಾಂಡಿನಲ್ಲಿ ಟ್ಯಾಕ್ಸಿ ಇಟ್ಟುಕೊಂಡವನು. ಬಾಯಿ ಸುಮ್ಮನಿರದ ಆಸಾಮಿ. ತೀರ್ಥಹಳ್ಳಿ ದಾಟುವ ತನಕ ಹೇಗೋ ತಡೆದುಕೊಂಡ.

"ಚಿಕ್ಕಮ್ಮ, ಒಂದು ಮಾತು ಹೇಳ್ತೀನಿ, ಸಿಟ್ಟು ಮಾಡ್ಕಬೇಡ. ಅಲ್ಲಿ ಏರ್‌ಪೋರ್ಟಲ್ಲಿ ಬಾಗಿಲು ಬಾಗಿಲಿಗೂ ಕೇಳ್ತಾರೆ."

"ಕೇಳ್ಲಿ."

"ಹೇಳ್ದಿದ್ರೆ ಒಳಗೆ ಬಿಡಲ್ಲ."

"ಕಾಗದದಲ್ಲಿ ಎಲ್ಲ ಬರ್ದಿದೆಯಲ್ಲ, ಓದ್ಕಳ್ಲಿ. ಓದಿದೋರೇ ಅಲ್ಲನಾ ಅಲ್ಲಿ ಕೂತಿರೋದು? ಕಾಗದ ಹೇಳ್ಲಿ. ಬಾಯಿ ನಂದು."

"ನೀನೊಳ್ಳೆ. ಅದೇನು ನಮ್ಮೂರ ಸಂಕನಾ?"

ಗುತ್ಯಮ್ಮ ಕಿಟಕಿಯ ಕಡೆ ತಿರುಗಿದಳು. ಮೇಗರವಳ್ಳಿ ಹಿಂದೆ ಬಿದ್ದಿತ್ತು. ಆಗುಂಬೆಯ ಚೆಕ್‌ಪೋಸ್ಟಿನಲ್ಲಿ ಕಾರು ನಿಂತಾಗ ಕಾವಲಿನವನು ಬಗ್ಗಿ ಒಳಗೆ ನೋಡಿ ಕೇಳಿದ, "ಎಲ್ಲಿಗೆ?"

"ಬಜ್ಪೆಗೆ ಸಾರ್, ಏರ್‌ಪೋರ್ಟಿಗೆ" ಎಂದು ಕೃಷ್ಣಕುಮಾರ ಬಾಯಿತಪ್ಪಿ ಹೇಳೇಬಿಟ್ಟ. ಹೇಳಿ ನಾಲಿಗೆ ಕಚ್ಚಿಕೊಂಡ. ಘಾಟಿಯ ಮೊದಲ ತಿರುವಿನಲ್ಲಿ ಗುತ್ಯಮ್ಮ ಗಾಡಿ ನಿಲ್ಲಿಸಲು ಹೇಳಿದಳು.

"ಕುಡಿ" ಎಂದು ಬಾಟಲಿ ಅವನ ಮುಂದೆ ಹಿಡಿದಳು.

"ನಾನ್ಯಾಕೆ? ಬಾಣಂತನ ಮಾಡೋಕೆ ನಾನು ಹೋಗ್ತಿದೀನಾ?"

"ಅವ್ನು ಕೇಳಿದ್ದು ನಿನ್ನ, ಹೇಳಿದ್ದು ನೀನು. ಕೂತು ಕುಡಿ. ಒಂದೇ ಗುಟುಕು, ಮತ್ತೆ! ಪೂರಾ ಖಾಲಿ ಮಾಡ್ಬೇಡ."

ಮಂಗಗಳು ತಡೆಗೋಡೆಯ ಮೇಲೆ ಸಾಲಾಗಿ ಕೂತು ನೋಡುತ್ತಿದ್ದವು. ಕೃಷ್ಣಕುಮಾರ ಅವುಗಳ ಪಕ್ಕದಲ್ಲೇ ಕೂತು ಕುಡಿದ. ಗುತ್ಯಮ್ಮನೂ ಒಂದು ಗುಟುಕು ಕುಡಿದು ಮುಚ್ಚಳ ಹಾಕಿದಳು. ಹೆಬ್ರಿಯ ಹೋಟೆಲಿನಲ್ಲಿ ಬನ್ಸ್ ತಂದಿಟ್ಟವನು ಕೇಳಿದ್ದಕ್ಕೆ ಮತ್ತೆ ಒಂದು ಗುಟುಕು. ಕಾರ್ಕಳದಲ್ಲಿ ಯಾರೂ ಕೇಳಲಿಲ್ಲ. ಮೂಡುಬಿದಿರೆ ದಾಟಿ ಕೈಕಂಬದ ಹತ್ತಿರ ದಾರಿ ತಪ್ಪಿದಾಗ ಕೃಷ್ಣಕುಮಾರ ದಾರಿ ಕೇಳಲು ಇಳಿದ. ಆ ಅಂಗಡಿಯವನು ಸೀದಾ ಕಾರಿನ ಹತ್ತಿರವೇ ಬಂದು, "ಎಲ್ಲಿಗಮ್ಮ, ದುಬೈಗಾ?" ಎಂದ. ಇನ್ನೊಂದು ಗುಟುಕು.

ಗುಡ್ಡದ ನೆತ್ತಿಯನ್ನು ಹಾಳೆಯ ಹಾಗೆ ಚಪ್ಪಟೆ ಮಾಡಿ ವಿಮಾನ ಇಳಿಸುವ ಜಾಗ ಮಾಡಿದ್ದರು. ಸುತ್ತು ರಸ್ತೆಯಲ್ಲಿ ಏರಿ ಏರಿ ಕಾರು ಗಾಜಿನ ಕಟ್ಟಡದ ಮುಂದೆ ನಿಂತಿತು. ಕೃಷ್ಣಕುಮಾರ ದೊಡ್ಡ ಬ್ಯಾಗನ್ನು ತಳ್ಳುಗಾಡಿಗೆ ಹೇರಿಕೊಟ್ಟ. ಒಳಗೆ ಹೋಗಲು ಅವನಿಗೆ ಟಿಕೆಟ್ಟಿರಲಿಲ್ಲ.

"ಮೊದ್ಲು ಈ ಬಾಗಿಲು. ಆಮೇಲೆ ಬ್ಯಾಗ್ ಕೊಡೋ ಕೌಂಟರ್. ಆಮೇಲೆ ಪಾಸ್‌ಪೋರ್ಟ್ ನೋಡೋರು. ಆಮೇಲೆ ಮೈ ತಪಾಸಣೆ. ಅದಾದ್ಮೇಲೆ ವಿಮಾನದ ಬಾಗಿಲು. ನೆನಪಿರ್ತದಾ?"

ಗುತ್ಯಮ್ಮ ತಲೆಯಾಡಿಸಿದಳು. ಯಾವ ಊರಿನ ಯಾವ ಮನೆಯಲ್ಲಿ ಯಾವ ಕೂಸು ಯಾವ ಮಳೆಯಲ್ಲಿ ಹುಟ್ಟಿತು ಎನ್ನುವುದನ್ನು ಇಟ್ಟುಕೊಂಡ ತಲೆ ಅದು. ಬಾಗಿಲುಗಳನ್ನು ಇಟ್ಟುಕೊಳ್ಳಲು ಕಷ್ಟವಿರಲಿಲ್ಲ. ಕೃಷ್ಣಕುಮಾರ ಬಗ್ಗಿ ಕಾಲು ಮುಟ್ಟಿದ. ತಲೆ ಎತ್ತಿದಾಗ ಅವನ ಕಣ್ಣು ಒದ್ದೆಯಾಗಿತ್ತು.

"ಫೋನ್ ಮಾಡು ಚಿಕ್ಕಮ್ಮ. ನೀ ಹತ್ತಿದೆ ಅಂತ ಗೊತ್ತಾಗೋವರೆಗೂ ನಾನು ಇಲ್ಲಿಂದ ಅಲ್ಲಾಡಲ್ಲ."

ಮೊದಲ ಬಾಗಿಲಲ್ಲಿ ಬಂದೂಕಿನ ಜವಾನನಿದ್ದ. ಪಾಸ್‌ಪೋರ್ಟು ತೆಗೆದುಕೊಂಡು ಮುಖ ನೋಡಿ, "ಕಹಾಂ?" ಎಂದ. ಟೀವಿ ನೋಡಿ ನೋಡಿ ಗುತ್ಯಮ್ಮನಿಗೆ ಆ ಹಿಂದಿ ಮಾತಿಗೆ ಎಲ್ಲಿಗೆ ಎಂದರ್ಥ ಎಂದು ಗೊತ್ತಿತ್ತು. ಗಾಡಿಯನ್ನು ಹಿಂದಕ್ಕೆ ತಿರುಗಿಸಿ, ಗೋಡೆಯ ಬದಿಯ ಬೆಂಚಿನ ಮೇಲೆ ಕೂತು, ಒಂದು ಗುಟುಕು ಕುಡಿದು, ಮತ್ತೆ ಸಾಲಿನ ಕೊನೆಗೆ ಬಂದು ನಿಂತಳು. ಎರಡನೆಯ ಸಲ ಜವಾನ ಏನೂ ಕೇಳಲಿಲ್ಲ. ಅವಳನ್ನೂ ಬಾಟಲಿಯನ್ನೂ ನೋಡಿದ, ಕಾಗದ ನೋಡಿದ, ಹೋಗು ಎಂದು ಕೈ ತೋರಿಸಿದ. ಹೊರಗೆ ಕಂಬಕ್ಕೆ ಒರಗಿ ನಿಂತಿದ್ದ ಕೃಷ್ಣಕುಮಾರ ಹಣೆ ಚಚ್ಚಿಕೊಂಡದ್ದು ಗಾಜಿನಲ್ಲಿ ಕಾಣಿಸಿತು.

ಒಳಗೆ ನೆಲ ಎಷ್ಟು ನುಣುಪಿತ್ತೆಂದರೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯಬೇಕೆನಿಸಿತು. ಯಾರೂ ಬಿಚ್ಚಿರಲಿಲ್ಲ. ಗುತ್ಯಮ್ಮನೂ ಬಿಚ್ಚಲಿಲ್ಲ. ಜನರು ಎತ್ತ ಗಾಡಿ ತಳ್ಳುತ್ತಿದ್ದರೋ ಅತ್ತ ತಳ್ಳಿದಳು. ಬುರ್ಖಾ ಹಾಕಿದ ಒಬ್ಬ ಹೆಂಗಸಿನ ಕೈಯಲ್ಲೂ ತನ್ನದರಂಥದ್ದೇ ಟಿಕೆಟ್ಟಿನ ಹಾಳೆ ಕಂಡು, ಅವಳ ಹಿಂದೆ ಹೋಗಿ ನಿಂತಳು. ಅದು ಸರಿಯಾದ ಸಾಲೇ ಆಗಿತ್ತು.

ಕೌಂಟರಿನ ಹುಡುಗಿ ತುಟಿಗೆ ಕೆಂಪು ಹಚ್ಚಿ, ಕೂದಲು ಗಂಟು ಕಟ್ಟಿ ನಗುತ್ತಾ ಕೂತಿದ್ದಳು.

"ನಮಸ್ಕಾರ ಅಮ್ಮ, ಎಲ್ಲಿಗೆ?"

ಗುತ್ಯಮ್ಮ ಒಂದು ಬೆರಳು ಎತ್ತಿ ತೋರಿಸಿದಳು. ಸಾಲಿನಿಂದ ಹೊರಗೆ ಬಂದು ತನ್ನ ಬ್ಯಾಗಿನ ಮೇಲೆಯೇ ಕೂತಳು. ಒಂದು ಗುಟುಕು. ಎದ್ದು ಬಂದಳು. ಹುಡುಗಿ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು.

"ಎಂತ ಅಮ್ಮ, ಹುಷಾರಿಲ್ವಾ?"

"ಹುಷಾರಾಗಿದೀನಿ ಕಣವ್ವ. ಕಾಗದ ನೋಡ್ಕ, ಅದ್ರಲ್ಲಿದೆ. ನನ್ನ ಕೇಳ್ಬೇಡ."

"ಕೇಳದೆ ಹೇಗೆ ಅಮ್ಮ? ಆಯ್ತು, ಬ್ಯಾಗಲ್ಲಿ ಎಂತ ಉಂಟು, ಅದಾದ್ರೂ ಕೇಳ್ಬಹುದಾ?"

"ಅದು ಕೇಳು, ಹೇಳ್ತೀನಿ. ಮದ್ದಿನ ಪುಡಿ, ಬೆಳ್ಳುಳ್ಳಿ, ಬೆಲ್ಲ, ಸೂಜಿಮೆಣಸು, ಎಣ್ಣೆ, ಕೊಬ್ಬರಿ..."

"ಒಣ ಕೊಬ್ಬರಿಯಾ? ಅಯ್ಯೋ ಅದು ಆಗುದಿಲ್ಲ ಅಮ್ಮ. ಬೆಂಕಿ ಹಿಡೀತದೆ ಅಂತ ವಿಮಾನದಲ್ಲಿ ಬಿಡುದಿಲ್ಲ."

ಗುತ್ಯಮ್ಮ ವಾದ ಮಾಡಲಿಲ್ಲ. ಬ್ಯಾಗು ಬಿಚ್ಚಿ, ಕೊಬ್ಬರಿಯ ಪೊಟ್ಟಣ ತೆಗೆದು ಹುಡುಗಿಯ ಮುಂದೆ ಇಟ್ಟಳು. "ನೀ ಮನೆಗೆ ತಗಂಡ್ಹೋಗು. ನಮ್ಮ ಮರದ್ದೇ. ಹೆಸರೇನವ್ವ ನಿಂದು?"

"ಸೌಜನ್ಯಾ. ಬೇಡ ಅಮ್ಮ, ನಮ್ಗೆ ತಕೊಳ್ಳಿಕ್ಕಿಲ್ಲ."

"ಹಂಗಾದ್ರೆ ಅಲ್ಲೇ ಇಟ್ಟಿರು. ಬೇಕಾದೋರು ತಗಳ್ಳಿ."

ಬ್ಯಾಗು ಪಟ್ಟಿಯ ಮೇಲೆ ಕೂತು ರಬ್ಬರಿನ ಪರದೆಯೊಳಗೆ ಮಾಯವಾಯಿತು. ಗುತ್ಯಮ್ಮನ ಹತ್ತಿರ ಈಗ ಉಳಿದದ್ದು ಹೆಗಲ ಚೀಲ ಒಂದು, ಬಾಟಲಿ ಒಂದು. ಬಾಟಲಿ ಅಲುಗಾಡಿಸಿ ನೋಡಿದಳು. ತಳದಲ್ಲಿ ಒಂದು ಗುಟುಕಿನಷ್ಟು ಮಾತ್ರ ಸದ್ದು ಮಾಡಿತು. ಬಾಗಿಲುಗಳು ಇನ್ನೂ ಇದ್ದವು.

ಪಾಸ್‌ಪೋರ್ಟು ನೋಡುವಲ್ಲಿ ಗಾಜಿನ ಗೂಡಿನೊಳಗೆ ಕನ್ನಡಕದ ಯುವಕ ಅಧಿಕಾರಿ. ಕೇಳುವುದೇ ಅವನ ಕೆಲಸ, ಅವನದು ತಪ್ಪಲ್ಲ. ಹಳ್ಳಿಯ ಹೆಂಗಸರಿಗೆ ವಿಸಿಟ್ ವೀಸಾ ಕೊಡಿಸಿ, ಅಲ್ಲಿ ಯಾರದೋ ಮನೆಯ ಚಾಕರಿಗೆ ಹಾಕಿ, ಪಾಸ್‌ಪೋರ್ಟು ಕಿತ್ತಿಟ್ಟುಕೊಳ್ಳುವ ಏಜೆಂಟರು ಇದ್ದಾರೆ. ಓದಿಲ್ಲದ, ಒಂಟಿಯಾಗಿ ಹೊರಟ ಹೆಂಗಸನ್ನು ಕಂಡರೆ ಎರಡು ಮಾತು ಹೆಚ್ಚೇ ಕೇಳಬೇಕೆಂದು ಅವನಿಗೆ ಮೇಲಿನವರ ಮಾತಿತ್ತು.

"ಎಲ್ಲಿಗೆ ಹೋಗುದು? ಯಾಕೆ?"

ಗುತ್ಯಮ್ಮ ಹಿಂದೆ ಸರಿದು, ನೆಲದ ಮೇಲೆಯೇ ಕೂತು, ಉಳಿದದ್ದನ್ನು ಕುಡಿದಳು. ಬಾಟಲಿ ಮೇಲೆತ್ತಿ ಕೊನೆಯ ಹನಿಯನ್ನೂ ನಾಲಿಗೆಗೆ ಬಿಟ್ಟುಕೊಂಡಳು. ಮತ್ತೆ ಹೋಗಿ ನಿಂತಳು.

"ಎಲ್ಲಿಗೆ ಅಂತ ಕೇಳಿದ್ದು ಅಮ್ಮ."

ಈಗ ನೀರಿರಲಿಲ್ಲ. ಗುತ್ಯಮ್ಮ ಅವನ ಮುಂದಿದ್ದ ಕಾಗದದ ಕಡೆ ಬೆರಳು ತೋರಿಸಿದಳು.

"ಮಾತಾಡ್ಲಿಕ್ಕೆ ಬರ್ತದಲ್ಲ ನಿಮ್ಗೆ?"

"ಬರ್ತದಪ್ಪ. ಬೇರೆ ಏನು ಬೇಕಾದ್ರೂ ಕೇಳು."

"ಬೇರೆ ಎಂತ ಕೇಳ್ಲಿ? ಹೇಳ್ಬೇಡಿ ಅಂತ ಯಾರಾದ್ರೂ ಹೇಳಿಕೊಟ್ಟಿದಾರಾ?"

"ಹೂಂ."

ಅಧಿಕಾರಿಯ ಬೆನ್ನು ನೆಟ್ಟಗಾಯಿತು. "ಯಾರು?"

"ನಮ್ಮತ್ತೆ."

"ಅವರೆಲ್ಲಿದಾರೆ ಈಗ? ಹೊರಗೆ ನಿಂತಿದಾರಾ?"

"ತೀರ್ಕಂಡು ಬಾಳ ವರ್ಷ ಆತು."

ಸಾಲಿನಲ್ಲಿದ್ದವರು ನಕ್ಕರು. ಅಧಿಕಾರಿ ನಗಲಿಲ್ಲ. ಪಾಸ್‌ಪೋರ್ಟನ್ನು ಪಕ್ಕಕ್ಕಿಟ್ಟು ಫೋನೆತ್ತಿದ. ಸ್ವಲ್ಪ ಹೊತ್ತಿಗೆ ಒಬ್ಬ ಪೇದೆ ಹೆಂಗಸು ಬಂದು ಗುತ್ಯಮ್ಮನನ್ನು ಮೂಲೆಯ ಕೋಣೆಗೆ ಕರೆದುಕೊಂಡು ಹೋದಳು. ಒಂದು ಮೇಜು, ಎರಡು ಕುರ್ಚಿ. ಬಾಗಿಲು ತೆರೆದೇ ಇತ್ತು. ಹೊರಗೆ ಸಾಲು ಕರಗುತ್ತಿತ್ತು. ಟಿಕೆಟ್ಟಿನ ಹಾಳೆ ಹಿಡಿದಿದ್ದ ಆ ಬುರ್ಖಾದ ಹೆಂಗಸು ಇತ್ತ ತಿರುಗಿ ನೋಡುತ್ತಾ ಒಳಗೆ ಹೋದಳು. ಮೇಲೆಲ್ಲಿಂದಲೋ ಹೆಣ್ಣುದನಿಯೊಂದು ಮೂರು ಭಾಷೆಯಲ್ಲಿ ಮಸ್ಕತ್ ಮಸ್ಕತ್ ಎನ್ನುತ್ತಿತ್ತು.

ಗುತ್ಯಮ್ಮ ಖಾಲಿ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹೇಳಿಬಿಡಬಹುದಿತ್ತು. ನಾಲ್ಕು ಮಾತು. ಮಗಳ ಮನೆಗೆ, ಬಾಣಂತನಕ್ಕೆ, ಅಷ್ಟೇ. ಆ ಮಾತು ಗಂಟಲಿನ ತನಕ ಬಂತು ಕೂಡ. ಆದರೆ ಅದರ ಹಿಂದೆಯೇ ಆ ಫೋನಿನ ದಿನವೂ ಬಂತು. ಕೊಟ್ಟಿಗೆಯಲ್ಲಿ ಕೂತು ಕೇಳಿದ ಮಗಳ ಅಳು ಬಂತು. ಆ ಹುಡುಗಿಯ ಸಲುವಾಗಿ ಒಂದು ಕಟ್ಟನ್ನೂ ಸಡಿಲ ಬಿಡುವುದಿಲ್ಲ ಎಂದು ಅವತ್ತೇ ನಿಶ್ಚಯಿಸಿದ್ದಳು. ಹೇಳುವುದಿಲ್ಲ. ಹಾಗೆಂದು ಇಲ್ಲಿಂದ ಮನೆಗೂ ತಿರುಗುವುದಿಲ್ಲ. ಅತ್ತೆ ಅವತ್ತು ಸಂಕದಿಂದ ತಿರುಗಿದ್ದು ಮತ್ತೆ ಹೋಗಲಿಕ್ಕೇ ಅಲ್ಲವೇ?

ಮೇಲಿನ ಅಧಿಕಾರಿ ಬಂದರು. ಹೆಂಗಸು. ನಿವೃತ್ತಿಗೆ ಹತ್ತಿರವಿದ್ದವರು, ತಲೆಯಲ್ಲಿ ಬಿಳಿ, ಕಿವಿಯಲ್ಲಿ ಹಳೆಯ ಕಾಲದ ಬೆಂಡೋಲೆ. ಎದುರು ಕೂತು ಪಾಸ್‌ಪೋರ್ಟು ಬಿಡಿಸಿದರು.

"ನೋಡಿ ಅಮ್ಮ, ಹೆದರ್ಬೇಡಿ. ನಿಮ್ಮನ್ನ ಯಾರಾದ್ರೂ ಮೋಸ ಮಾಡಿ ಕಳಿಸ್ತಾ ಇದ್ರೆ ನಾವು ಕಾಪಾಡ್ತೇವೆ. ಆದ್ರೆ ನೀವು ಬಾಯಿ ಬಿಡ್ಬೇಕು. ಇಲ್ಲದಿದ್ರೆ ವಿಮಾನ ಹೋಗ್ತದೆ, ನೀವು ಇಲ್ಲೇ ಉಳೀತೀರಿ."

ಗುತ್ಯಮ್ಮ ಅವರ ಮುಖವನ್ನೇ ನೋಡಿದಳು. ಬಾಯಿಗೆ ಕಟ್ಟಿದೆ. ಕೈಗೆ ಕಟ್ಟಿಲ್ಲ. ಅತ್ತೆ ಕೈಯ ಸುದ್ದಿ ಯಾವತ್ತೂ ಎತ್ತಿರಲಿಲ್ಲ.

ಹೆಗಲ ಚೀಲದ ಜಿಪ್ಪು ಎಳೆದಳು. ಒಂದು ಹಳೆಯ ಸೀರೆಯ ತುಂಡು ತೆಗೆದಳು. ಒಗೆದು ಒಗೆದು ಬೆಣ್ಣೆಯಂತಾಗಿದ್ದ ನೂಲಿನ ಬಟ್ಟೆ. ಅದನ್ನು ಮೇಜಿನ ಮೇಲೆ ಹಾಸಿ ಅಂಗೈಯಲ್ಲಿ ಸವರಿ ಸುಕ್ಕು ತೆಗೆದಳು. ಅದರ ಮೇಲೆ ಇನ್ನೊಂದು, ಚೌಕ ಮಡಿಸಿದ್ದು. ಆಮೇಲೆ ಚೀಲದ ತಳದಿಂದ ಒಂದು ಕುಲಾವಿ ತೆಗೆದು ನಡುವೆ ಇಟ್ಟಳು. ಮುಷ್ಟಿಯಷ್ಟೇ ಇತ್ತು ಅದು. ಕೆಂಪು ಬಣ್ಣ ಮಾಸಿತ್ತು, ಗಲ್ಲದ ಕೆಳಗೆ ಕಟ್ಟುವ ದಾರ ಒಂದು ಕಡೆ ಹೊಸದು. ಶಿಲ್ಪಶ್ರೀ ಹಾಕಿಕೊಂಡದ್ದೇ ಅದು. ಹುಟ್ಟದ ಕೂಸಿಗೆ ಹೊಸದು ಹೊಲಿಯಬಾರದು. ಹಳೆಯದನ್ನು ಒಯ್ಯಬಹುದು.

ಬಾಗಿಲಲ್ಲಿ ನಿಂತಿದ್ದ ಪೇದೆ ಹೆಂಗಸು ಒಂದು ಹೆಜ್ಜೆ ಒಳಗೆ ಬಂದಳು. ಅಧಿಕಾರಿಯಮ್ಮ ಕುಲಾವಿಯನ್ನು ನೋಡಿದರು, ಖಾಲಿ ಬಾಟಲಿಯನ್ನು ನೋಡಿದರು, ಗುತ್ಯಮ್ಮನನ್ನು ನೋಡಿದರು. ಬೆನ್ನನ್ನು ಕುರ್ಚಿಗೆ ಒರಗಿಸಿದರು. ಅವರ ದನಿ ಬೇರೆಯಾಯಿತು. ಅದು ಕಚೇರಿಯ ದನಿಯಾಗಿರಲಿಲ್ಲ. ಅಂಗಳದಲ್ಲಿ ನಿಂತು ಮಾತಾಡುವ ಹೆಂಗಸಿನ ದನಿ ಅದು.

"ದೂರವಾ, ಅಮ್ಮ?"

ಗುತ್ಯಮ್ಮನ ಎದೆಯೊಳಗೆ ಏನೋ ಇಳಿಯಿತು. ಹೊರಟವರನ್ನು ಕೇಳಬೇಕಾದದ್ದು ಹಾಗೆ. ಗೊತ್ತಿದ್ದವರು ಹಾಗೇ ಕೇಳುತ್ತಾರೆ.

"ಹೌದು. ದೂರ."

"ನಮ್ಮ ಅಜ್ಜಿಯೂ ಹಾಗೇ. ಎಲ್ಲಿಗೆ ಅಂತ ಕೇಳಿದ್ರೆ ಬೈದು ಚಪ್ಪಲಿ ಬಿಚ್ಚಿಟ್ಟು ಒಳಗೆ ಹೋಗಿ ಕೂತುಬಿಡ್ತಿದ್ರು. ದೂರವಾ ಅಂತ ಮಾತ್ರ ಕೇಳ್ಬಹುದಿತ್ತು." ಅವರು ಕುಲಾವಿಯ ದಾರವನ್ನು ಬೆರಳ ತುದಿಯಲ್ಲಿ ಮುಟ್ಟಿದರು. "ನೀವು ಬರುವಾಗ ಆ ಮನೆಯಲ್ಲಿ ಒಬ್ಬರು ಹೆಚ್ಚಿರ್ತಾರೆ ಅಂತ ನಾನು ತಿಳ್ಕೊಳ್ಬಹುದಾ?"

ಗುತ್ಯಮ್ಮ ತಲೆಯಾಡಿಸಿದಳು. ಕಣ್ಣಲ್ಲಿ ನೀರು ಬಂತು, ಸೆರಗಿನಲ್ಲಿ ಒರೆಸಿಕೊಂಡಳು.

"ಆದ್ರೂ ನಾನು ಒಂದು ಸಲ ವಿಚಾರಿಸ್ಲೇಬೇಕು. ಅದು ನನ್ನ ಕಟ್ಟು. ನಂಬರ್ ಉಂಟಾ?"

ಗುತ್ಯಮ್ಮ ತನ್ನ ಫೋನನ್ನೇ ಕೊಟ್ಟಳು. ಅತ್ತ ಕಡೆ ಶಿಲ್ಪಶ್ರೀಯೇ ಎತ್ತಿದಳು. ಅಧಿಕಾರಿಯಮ್ಮ ತಾವು ಯಾರೆಂದು ಹೇಳಿ, ಅಮ್ಮನ ಹೆಸರು, ಊರು, ಅಳಿಯನ ಕೆಲಸ, ಮನೆಯ ವಿಳಾಸ, ಯಾವ ತಿಂಗಳು, ಎಲ್ಲವನ್ನೂ ಕೇಳಿ ಕಾಗದಕ್ಕೆ ತಾಳೆ ನೋಡಿದರು. ಕೊನೆಗೆ ಹೇಳಿದರು:

"ನಿಮ್ಮ ಅಮ್ಮ ಒಂದು ಮಾತೂ ಹೇಳ್ಲಿಲ್ಲ ಮಾರಾಯ್ತಿ. ನಾವು ಬೇರೆ ಎಂತದೋ ಅಂದ್ಕೊಂಡಿದ್ದು."

ಫೋನಿನಲ್ಲಿ ನಗು ಕೇಳಿತು, ಆಮೇಲೆ ಏದುಸಿರು. "ಅವ್ಳು ಹೇಳಲ್ಲ ಮೇಡಂ. ನೀವು ಜೈಲಿಗೆ ಹಾಕಿದ್ರೂ ಹೇಳಲ್ಲ. ಪ್ಲೀಸ್, ಕಳ್ಸಿ ಮೇಡಂ. ನಂಗೆ ಅವ್ಳು ಬೇಕು."

ಕೊನೆಯ ಮಾತು ಹೇಳುವಾಗ ನಗು ಇರಲಿಲ್ಲ. ಅಧಿಕಾರಿಯಮ್ಮ ಎದ್ದು ಹೊರಗೆ ಹೋಗಿ ತಾವೇ ಠಸ್ಸೆ ಒತ್ತಿಸಿಕೊಂಡು ಬಂದರು. ಕುಲಾವಿಯನ್ನು ಬಟ್ಟೆಯಲ್ಲಿ ಸುತ್ತಿ ಗುತ್ಯಮ್ಮನ ಕೈಗೆ ಕೊಟ್ಟರು.

ಅಷ್ಟರಲ್ಲಿ ಕೌಂಟರಿನ ಹುಡುಗಿ ಸೌಜನ್ಯಾ ವಾಕಿಟಾಕಿ ಹಿಡಿದು ಓಡೋಡಿ ಬಂದಳು.

"ಇಲ್ಲಿದ್ದೀರಾ ಅಮ್ಮ! ಎಲ್ಲ ಹತ್ತಿ ಆಯ್ತು, ನಿಮ್ಮೊಬ್ರಿಗೇ ಕಾಯುದು. ಬನ್ನಿ, ಬನ್ನಿ."

"ಇವರನ್ನ ದಾರೀಲಿ ಯಾರೂ ಎಲ್ಲಿಗೆ ಅಂತ ಕೇಳ್ಬಾರ್ದು" ಎಂದರು ಅಧಿಕಾರಿಯಮ್ಮ. "ನೀರು ಮುಗಿದಿದೆ."

ಸೌಜನ್ಯಾಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೆ ಹೇಳಿದ್ದನ್ನು ಮಾಡಿದಳು. ಮುಂದೆ ಮುಂದೆ ಅವಳು, ಹಿಂದೆ ಗುತ್ಯಮ್ಮ. ತಪಾಸಣೆಯಲ್ಲಿ ಬಾಟಲಿ ನೋಡಿ ಕೈ ಚಾಚಿದವರಿಗೆ, "ಖಾಲಿ ಉಂಟು, ಖಾಲಿ. ಅಮ್ಮನ ಹತ್ರ ಎಂತದೂ ಕೇಳ್ಬೇಡಿ" ಎಂದಳು. ಅವರು ಬಾಟಲಿ ತಲೆಕೆಳಗು ಮಾಡಿ ನೋಡಿ ವಾಪಸು ಕೊಟ್ಟರು. ಉದ್ದನೆಯ ದಾರಿಯಲ್ಲಿ ಸಾಮಾನಿನ ಗಾಡಿ ತಳ್ಳುತ್ತಿದ್ದವನಿಗೂ, ಕೊನೆಯ ಬಾಗಿಲಲ್ಲಿ ಚೀಟಿ ಹರಿಯುವವನಿಗೂ ಕೈ ಅಡ್ಡ ಆಡಿಸುತ್ತಾ ಅದನ್ನೇ ಹೇಳಿದಳು. ಆ ಕೈ ಆಡಿಸುವುದನ್ನು ನೋಡಿ ಗುತ್ಯಮ್ಮನಿಗೆ ಬೆಳಗಿನ ರಸ್ತೆ, ಹಾಲಿನ ಕ್ಯಾನುಗಳು, ಮಂಜುನಾಥಪ್ಪ ಎಲ್ಲ ನೆನಪಾಯಿತು.

ವಿಮಾನದ ಬಾಗಿಲ ಹತ್ತಿರ ಬಂದಾಗ ಸೌಜನ್ಯಾ ತಡೆಯಲಾರದೆ, ಕಿವಿಯ ಹತ್ತಿರ ಬಗ್ಗಿ ಹೇಳಿದಳು, "ಅಮ್ಮ, ನನ್ನ ಅಕ್ಕನಿಗೂ ಈಗ ಏಳು ತಿಂಗಳು."

"ಹಂಗಾದ್ರೆ ಆ ಕೊಬ್ಬರಿ ಅವ್ಳಿಗೇ ಕೊಡು. ಯಾರು ಕೊಟ್ರು ಅಂತ ಕೇಳಿದ್ರೆ ಹೇಳ್ಬಹುದು, ಅದಕ್ಕೇನಿಲ್ಲ" ಎಂದು ಗುತ್ಯಮ್ಮ ಬಲಗಾಲನ್ನು ಮುಂದಿಟ್ಟು ಒಳಗೆ ಹೋದಳು. ಸೀಟು ಸಿಕ್ಕಿದ ಮೇಲೆ ಫೋನು ತೆಗೆದು ಕೃಷ್ಣಕುಮಾರನಿಗೆ ಹೇಳಿದ್ದು ಎರಡೇ ಮಾತು. "ಹತ್ತಿದೆ ಕಣೋ. ನೀ ಮನೆಗೆ ಹೋಗು."

ಅತ್ತ ಕಡೆಯ ವಿಮಾನ ನಿಲ್ದಾಣ ಇದಕ್ಕಿಂತ ಎಷ್ಟೋ ದೊಡ್ಡದು. ಗುತ್ಯಮ್ಮನಿಗೆ ಅದರಲ್ಲಿ ಹೆಚ್ಚು ಕಣ್ಣು ಹೋಗಲಿಲ್ಲ. ಅಲ್ಲಿ ಕೇಳಿದ ಭಾಷೆ ಅವಳಿಗೆ ತಿಳಿಯಲಿಲ್ಲ, ತಿಳಿಯದ ಪ್ರಶ್ನೆ ಕೇಳಿದ ಲೆಕ್ಕಕ್ಕೆ ಬರುವುದಿಲ್ಲ. ಪೂರ್ಣೇಶ ಹೊರಗೆ ಕಾದಿದ್ದ. "ಬನ್ನಿ ಅತ್ತೆ" ಎಂದನೇ ಹೊರತು ಬೇರೇನೂ ಕೇಳಲಿಲ್ಲ. ಹೆಂಡತಿ ಮೊದಲೇ ಎಚ್ಚರಿಸಿದ್ದಳು.

ಮೂರನೆಯ ಮಹಡಿ. ಲಿಫ್ಟಿನ ಬಾಗಿಲು ತೆರೆದಾಗ ಶಿಲ್ಪಶ್ರೀ ಮನೆಯ ಬಾಗಿಲಲ್ಲಿ, ಸೊಂಟಕ್ಕೆ ಕೈಕೊಟ್ಟು, ಹೊಟ್ಟೆಯನ್ನು ಮುಂದೆ ಹೊತ್ತು ನಿಂತಿದ್ದಳು. ಮುಖ ಊದಿತ್ತು. ಅಮ್ಮನನ್ನು ಕಂಡು, ತುಟಿ ಕಚ್ಚಿಕೊಂಡು, ಅಳು ತಡೆದುಕೊಂಡು, ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ಗುತ್ಯಮ್ಮ ಚಪ್ಪಲಿ ಬಿಟ್ಟಳು. ಬಲಗಾಲಿಟ್ಟು ಹೊಸಿಲು ದಾಟಿದಳು. ಒಳಗೆ ಹೋಗಿ ನೆಲದ ಮೇಲೆ ಕಾಲು ಚಾಚಿ ಕೂತು, "ನೀರು ಕೊಡು" ಎಂದಳು. ಮಗಳು ಕೊಟ್ಟ ಲೋಟವನ್ನು ಪೂರ್ತಿ ಕುಡಿದು ಕೆಳಗಿಟ್ಟಳು. ಆಮೇಲೆ ದಾರಿಯುದ್ದಕ್ಕೂ ಹೊಟ್ಟೆಯಲ್ಲಿ ಹೊತ್ತು ತಂದಿದ್ದನ್ನು, ಅಕ್ಕಪಕ್ಕದ ಮನೆಯವರಿಗೂ ಕೇಳುವ ಹಾಗೆ, ಗಟ್ಟಿಯಾಗಿ ಹೇಳಿದಳು.

"ನಿನ್ನ ಬಾಣಂತನಕ್ಕೆ ಬಂದೀನಿ ಕಣೇ ಶಿಲ್ಪ. ಕೊಬ್ಬರಿ ಒಂದು ಬಿಟ್ಟು ಎಲ್ಲ ತಂದೀನಿ."